ಮೂರು ರಾತ್ರಿ ಎನ್‌ಪಿಒ: ಹಿಪ್ ಫ್ರ್ಯಾಕ್ಚರ್‌ನ ಒಂದು ಪ್ರಕರಣ

ಈ ಪ್ರಕರಣದಲ್ಲಿ ಆಪರೇಶನ್ ಚೆನ್ನಾಗಿಯೇ ಆಯಿತು. ರಾಡ್ ಸರಿಯಾದ ಜಾಗದಲ್ಲಿ ಕೂತಿತು, ರಕ್ತ ಹೆಚ್ಚು ಹೋಗಲಿಲ್ಲ, ಗಾಯ ಒಣಗಿತು. ಆಪರೇಶನ್ ನೋಟ್ ಮಾತ್ರ ಓದಿದರೆ ಇದರಲ್ಲಿ ನೋಡುವಂಥದ್ದೇನೂ ಇಲ್ಲ. ನೋಡಬೇಕಾದದ್ದು ಇರುವುದು ನರ್ಸಿಂಗ್ ಚಾರ್ಟಿನಲ್ಲಿ, ಬಾಯಿಗೆ ಏನು ಹೋಯಿತು ಎಂದು ಬರೆಯುವ ಕಾಲಂನಲ್ಲಿ. ಎನ್‌ಪಿಒ ಎಂದರೆ ಬಾಯಿಗೆ ಅನ್ನ, ನೀರು ಏನೂ ಕೊಡಬಾರದು ಎಂಬ ಆರ್ಡರ್. ನಾನು ಅನಸ್ತೇಶಿಯಾ ವಿಭಾಗದವನು. ಎಲ್ಲ ಮುಗಿದ ಮೇಲೆ ಪರಿಶೀಲನೆಗೆ ಕೂತ ಸಣ್ಣ ಗುಂಪಿನಲ್ಲಿ ಇದ್ದೆ. ಯಾರ ಗುರುತೂ ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ರೋಗಿ ಎಪ್ಪತ್ತು ದಾಟಿದ ಮಹಿಳೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಬಿಪಿಗೆ ಒಂದು ಮಾತ್ರೆ. ಕಿವಿ ಸ್ವಲ್ಪ ಮಂದ. ಅದು ಬಿಟ್ಟರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರು. ಮಧ್ಯಾಹ್ನ ಒಂದಕ್ಕೆ ಊಟ, ನಾಲ್ಕಕ್ಕೆ ಮನೆಯಲ್ಲೇ ಜಾರಿ ಬಿದ್ದದ್ದು. ಸೊಂಟದ ಕೀಲಿನ ಕೆಳಗೆ ತೊಡೆಮೂಳೆ ಮುರಿದಿತ್ತು.

ಎಮರ್ಜೆನ್ಸಿಗೆ ಬಂದ ತಕ್ಷಣ 'ಬಾಯಿಗೆ ಏನೂ ಕೊಡಬೇಡಿ' ಎಂದರು. ಎಕ್ಸ್-ರೇ, ರಕ್ತ ಪರೀಕ್ಷೆ, ಆರ್ಥೋ ಡಾಕ್ಟರ್ ಬಂದು ನೋಡುವುದು, ಎಲ್ಲ ಆಗುವ ಹೊತ್ತಿಗೆ ರಾತ್ರಿ ಒಂಬತ್ತು. ನಾಳೆ ಆಪರೇಶನ್, ಮಧ್ಯರಾತ್ರಿಯಿಂದ ಎನ್‌ಪಿಒ ಎಂದು ಕೇಸ್ ಶೀಟಿನಲ್ಲಿ ಬರೆದರು. ಅಂದರೆ ತಿನ್ನಲು ಮೂರು ಗಂಟೆ ಸಮಯವಿತ್ತು. ಆದರೆ ಆ ಹೊತ್ತಿಗೆ ವಾರ್ಡಿನ ಊಟ ಮುಗಿದಿತ್ತು. ಎರಡು ಬಿಸ್ಕತ್ತು ಸಿಕ್ಕಿತು.

ಮೊದಲನೇ ದಿನ ಅವರ ಹೆಸರು ಲಿಸ್ಟಿನಲ್ಲಿ ಕೊನೆಯದು. ಬೆಳಿಗ್ಗೆ ಹತ್ತಕ್ಕೆ ಒಂದು ಓಪನ್ ಫ್ರ್ಯಾಕ್ಚರ್ ಬಂತು. ಮೂಳೆ ಚರ್ಮ ಹರಿದು ಹೊರಗೆ ಬಂದಿರುವ ಕೇಸ್ ಮುಂದಕ್ಕೆ ಹೋಗಲೇಬೇಕು, ಅದರಲ್ಲಿ ಯಾರ ತಪ್ಪೂ ಇಲ್ಲ. ಮಧ್ಯಾಹ್ನ ಡ್ರಿಪ್ ಹಾಕಿದ ಕೈ ಊದಿಕೊಂಡಿತು. ಸೂಜಿ ತೆಗೆದರು, ಮತ್ತೆ ಹಾಕಿದ್ದು ಸಂಜೆ. ಮಗಳು ಎರಡು ಸಲ ಬಂದು ಕೇಳಿದರು: "ಸಿಸ್ಟರ್, ಅಮ್ಮನ ತುಟಿ ಒಣಗಿಹೋಗಿದೆ. ಒಂದು ಗುಟುಕು ನೀರಾದ್ರೂ ಕೊಡಬಹುದಾ?" ಸಿಸ್ಟರ್ ಡ್ಯೂಟಿ ಡಾಕ್ಟರನ್ನು ಕೇಳಿದರು. ಅವರು "ಇವತ್ತು ಕರೆದರೂ ಕರೀಬಹುದು, ಬೇಡ" ಎಂದರು. ಐದೂವರೆಗೆ ಕೇಸ್ ಕ್ಯಾನ್ಸಲ್ ಎಂದು ಗೊತ್ತಾಯಿತು.

ಆಮೇಲೆ ಊಟ ಬಂತು, ಆದರೆ ನೋವಿಗೆ ಕೊಟ್ಟ ಟ್ರಾಮಡಾಲ್ ಇಂಜೆಕ್ಷನ್‌ನಿಂದ ಹೊಟ್ಟೆ ತೊಳಸುತ್ತಿತ್ತು. ಹಲ್ಲಿನ ಸೆಟ್ಟು ಬೇರೆ ಮನೆಗೆ ಕಳಿಸಿದ ಬ್ಯಾಗಿನಲ್ಲಿತ್ತು! ನಾಲ್ಕು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ಟರು. ಕೇಸ್ ಕ್ಯಾನ್ಸಲ್ ಆಯಿತಲ್ಲ ಎಂದು ಮಾಮೂಲಿ ಮಾತ್ರೆ ಮತ್ತೆ ಶುರು ಮಾಡಿದರು. ಗ್ಲಿಮೆಪಿರೈಡ್ ಕೂಡ. ಮಧ್ಯರಾತ್ರಿಯಿಂದ ಮತ್ತೆ ಎನ್‌ಪಿಒ.

ಬೆಳಗಿನ ಜಾವ ನಾಲ್ಕಕ್ಕೆ ಮೈ ಬೆವರಿ, ಏನೇನೋ ಮಾತಾಡಲು ಶುರು ಮಾಡಿದರು. ಸಕ್ಕರೆ 54. ಡೆಕ್ಸ್‌ಟ್ರೋಸ್ ಕೊಟ್ಟ ಮೇಲೆ ಸರಿಹೋದರು. ಆ ಹೊತ್ತಿನಲ್ಲಿ ಯಾರಾದರೂ 'ಇವರು ಎಷ್ಟು ಹೊತ್ತಿನಿಂದ ತಿಂದಿಲ್ಲ?' ಎಂದು ಲೆಕ್ಕ ಹಾಕಿದ್ದರೆ ಕಥೆ ಬೇರೆಯಾಗುತ್ತಿತ್ತು. ಚಾರ್ಟಿನಲ್ಲಿ ಬರೆದದ್ದು 'ಸಕ್ಕರೆ ಕಡಿಮೆಯಾಗಿತ್ತು, ಸರಿಪಡಿಸಲಾಗಿದೆ, ಎನ್‌ಪಿಒ ಮುಂದುವರಿಸಿ'.

ಎರಡನೇ ದಿನ ಹೃದಯದ ಎಕೋ ಬೇಕು ಎಂದಾಯಿತು. ಅದು ಆಗಿ ರಿಪೋರ್ಟ್ ಬರುವಷ್ಟರಲ್ಲಿ ಓಟಿ (ಆಪರೇಶನ್ ಥಿಯೇಟರ್) ಸಮಯ ಮುಗಿಯಿತು. ಸಂಜೆ ಏಳಕ್ಕೆ ತಿಳಿಸಿದರು. ಮೂರನೇ ದಿನ ಹನ್ನೊಂದಕ್ಕೆ ಸ್ಪೈನಲ್ (ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಕೊಟ್ಟು ಆಪರೇಶನ್ ಶುರುವಾಯಿತು, ಬಿದ್ದು 67 ಗಂಟೆ ಆದ ಮೇಲೆ. ಹಿಪ್ ಫ್ರ್ಯಾಕ್ಚರ್‌ಗೆ 36ರಿಂದ 48 ಗಂಟೆಯೊಳಗೆ ಆಪರೇಶನ್ ಆಗಲಿ ಎನ್ನುವುದು ಹಲವು ದೇಶಗಳ ಮಾರ್ಗಸೂಚಿ.

ಹನ್ನೆರಡೂವರೆಗೆ ಆಪರೇಶನ್ ಮುಗಿಯಿತು. ಉಪವಾಸ ಮುಗಿಯಲಿಲ್ಲ. ಆಪರೇಶನ್ ನಂತರದ ಆರ್ಡರ್‌ನ ಮೊದಲ ಸಾಲು 'ಆರು ಗಂಟೆ ಎನ್‌ಪಿಒ, ನಂತರ ಗುಟುಕು ನೀರು'. ನೀರು ಸಿಕ್ಕಿದ್ದು ಸಂಜೆ ಆರೂವರೆಗೆ. ಊಟ ಮರುದಿನ ಬೆಳಿಗ್ಗೆ ಎಂಟಕ್ಕೆ. ಅಷ್ಟರಲ್ಲಿ ಮಗಳ ಗುರುತು ಅವರಿಗೆ ಸಿಗುತ್ತಿರಲಿಲ್ಲ.

ಲೆಕ್ಕ

ಬಿದ್ದಲ್ಲಿಂದ ಆ ತಿಂಡಿಯವರೆಗೆ 88 ಗಂಟೆ. ಅದರಲ್ಲಿ ತಿನ್ನಬಹುದು ಎಂದು ಇದ್ದ ಸಮಯ ಹದಿನಾಲ್ಕೂವರೆ ಗಂಟೆ. ಅದೂ ಮೂರು ತುಂಡಾಗಿ, ಸಂಜೆ ಮತ್ತು ರಾತ್ರಿ. 'ಡ್ರಿಪ್ ಹೋಗ್ತಿತ್ತಲ್ವಾ' ಎಂದು ಪರಿಶೀಲನೆಯಲ್ಲಿ ಒಬ್ಬರು ಹೇಳಿದರು. ಸಲೈನ್‌ನಲ್ಲಿ ಶಕ್ತಿ ಸೊನ್ನೆ. ಒಂದು ಲೀಟರ್ 5% ಡೆಕ್ಸ್‌ಟ್ರೋಸ್‌ನಲ್ಲಿ 50 ಗ್ರಾಂ ಸಕ್ಕರೆ ಇರುತ್ತದೆ, ಇನ್ನೂರು ಕ್ಯಾಲರಿಯೂ ಆಗುವುದಿಲ್ಲ. ಮುರಿದ ಮೂಳೆಯ ಜೊತೆ ಒದ್ದಾಡುತ್ತಿರುವ ದೇಹ ಆ ಹೊತ್ತಿಗೆ ತನ್ನ ಸ್ನಾಯುವನ್ನೇ ಕರಗಿಸಿ ಉರಿಸುತ್ತಿರುತ್ತದೆ. ನಾಳೆ ಎದ್ದು ನಡೆಯಲು ಬೇಕಾದದ್ದು ಅದೇ ಸ್ನಾಯು.

ಒಂದು ಮಾತು ಇಲ್ಲಿ ಹೇಳಬೇಕು. ಮಗಳ ಗುರುತೂ ಸಿಗದಂತಾದ ಆ ಗೊಂದಲಕ್ಕೆ, ಅಂದರೆ ಡಿಲೀರಿಯಂಗೆ, ಉಪವಾಸವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ನೋವು, ನಿದ್ದೆಗೇಡು, ಟ್ರಾಮಡಾಲ್, ಕಿವಿ ಕೇಳಿಸದೆ ಇರುವುದು, ತಡವಾದ ಆಪರೇಶನ್, ಎಲ್ಲವೂ ಸೇರಿವೆ. ಆಪರೇಶನ್ ಬೇಗ ಮಾಡಿದರೆ ಏನಾಗುತ್ತದೆ ಎಂದು ಹದಿನೇಳು ದೇಶಗಳಲ್ಲಿ ನೋಡಿದ ಹಿಪ್ ಅಟ್ಯಾಕ್ ಅಧ್ಯಯನ 2020ರಲ್ಲಿ ಬಂತು. ಅದರಲ್ಲಿ ಸಾವಿನ ಪ್ರಮಾಣ ಇಳಿಯಲಿಲ್ಲ, ಆದರೆ ಡಿಲೀರಿಯಂ ಕಡಿಮೆಯಾಯಿತು. ಹಾಗಾಗಿ ಕಾಯುವಿಕೆಯೇ ದೊಡ್ಡ ತೊಂದರೆ ಇರಬಹುದು. ಆದರೆ ಕಾಯುವುದು ತಪ್ಪದಿದ್ದಾಗ ಹಸಿದುಕೊಂಡೇ ಕಾಯಬೇಕೇ ಎನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಕೈಯಲ್ಲೇ ಇದೆ.

ಸರ್ಜನ್‌ಗಳು ಹೀಗೇಕೆ ಬರೆಯುತ್ತಾರೆ

ಪರಿಶೀಲನೆಯ ಮೊದಲ ಸಭೆಯಲ್ಲಿ ನಿರೀಕ್ಷೆಯಂತೆ ಕೆಸರೆರಚಾಟ ನಡೆಯಿತು. ಅನಸ್ತೇಶಿಯಾದವರು 'ಮಧ್ಯರಾತ್ರಿಯಿಂದ ಎಂದು ನಾವು ಹೇಳಿಯೇ ಇಲ್ಲ' ಎಂದೆವು. ಒಬ್ಬ ಹಿರಿಯ ಟ್ರಾಮಾ (ಅಪಘಾತದ ಗಾಯ) ಸರ್ಜನ್ ನಗುತ್ತಲೇ ಕೇಳಿದರು: "ಹೋದ ವರ್ಷ ನನ್ನ ಪೇಶೆಂಟ್ ಬೆಳಿಗ್ಗೆ ಒಂದು ಲೋಟ ನೀರು ಕುಡಿದ ಅಂತ ಕೇಸ್ ವಾಪಸ್ ಕಳಿಸಿದ್ದು ಯಾರು?" ನಮ್ಮ ಕಡೆ ಯಾರೂ ಮಾತಾಡಲಿಲ್ಲ.

ನಿಯಮ ಹೊಸದೇನಲ್ಲ. ತುಂಬಿದ ಹೊಟ್ಟೆಯ ಭಯಕ್ಕೆ ಬೇರು ಇರುವುದು 1946ರಲ್ಲಿ. ಆ ವರ್ಷ ಮೆಂಡೆಲ್ಸನ್ ಎಂಬ ವೈದ್ಯ, ಹೆರಿಗೆ ವೇಳೆ ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದ 66 ಪ್ರಕರಣಗಳನ್ನು ಬರೆದರು. ಅವರು ನೋಡಿದ್ದು 44,016 ಹೆರಿಗೆಗಳನ್ನು. ಸತ್ತದ್ದು ಇಬ್ಬರು, ಇಬ್ಬರದ್ದೂ ಗಟ್ಟಿ ಆಹಾರ ಉಸಿರಿನ ದಾರಿಗೆ ಅಡ್ಡ ಸಿಕ್ಕಿ. ಆಮೇಲೆ ಅನ್ನನೀರು ಎರಡನ್ನೂ ಒಂದೇ ಗಂಟು ಕಟ್ಟಿ ಮಧ್ಯರಾತ್ರಿಗೆ ನಿಲ್ಲಿಸುವ ರೂಢಿ ಬಂತು. 1986ರಲ್ಲಿ ಕೆನಡಾದ ಒಂದು ಅಧ್ಯಯನದಲ್ಲಿ, ಆಪರೇಶನ್‌ಗೆ ಎರಡು ಮೂರು ಗಂಟೆ ಮುಂಚೆ 150 ಮಿಲಿ ನೀರು ಕುಡಿದವರ ಹೊಟ್ಟೆಯಲ್ಲಿ, ಕುಡಿಯದವರಿಗಿಂತ ಕಡಿಮೆ ದ್ರವ ಸಿಕ್ಕಿತು. 1999ರಲ್ಲಿ ಅಮೆರಿಕದ ಅನಸ್ತೇಶಿಯಾ ಸಂಘ ಬರೆದೇ ಕೊಟ್ಟಿತು: ತಿಳಿ ದ್ರವಕ್ಕೆ ಎರಡು ಗಂಟೆ, ಹಗುರ ಊಟಕ್ಕೆ ಆರು ಗಂಟೆ. ಕರಿದದ್ದು, ಮಾಂಸ, ಜಿಡ್ಡು ಇದ್ದರೆ ಎಂಟು ಗಂಟೆಯೋ ಜಾಸ್ತಿಯೋ ಬೇಕಾಗಬಹುದು.

ಇದೆಲ್ಲ ಸರ್ಜನ್‌ಗಳಿಗೂ ಗೊತ್ತು. ಪರೀಕ್ಷೆಯಲ್ಲಿ ಬರೆದು ಪಾಸಾದವರೇ. ಆದರೂ ಕೇಸ್ ಶೀಟಿನಲ್ಲಿ ಮಧ್ಯರಾತ್ರಿ ಎಂದೇ ಬರುತ್ತದೆ. ಯಾಕೆ ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಎರಡು ವಿಷಯ ಹೊರಬಂದವು.

ಒಂದು, ನಿಯಮದ ಗಂಟೆಗಳು ಆಪರೇಶನ್ ಸಮಯದಿಂದ ಹಿಂದಕ್ಕೆ ಎಣಿಸುವಂಥವು. ಮೊದಲೇ ದಿನ ಗೊತ್ತು ಮಾಡಿದ ಮಂಡಿ ಬದಲಾವಣೆಗೆ ಸಮಯ ಇರುತ್ತದೆ. ಟ್ರಾಮಾ ಲಿಸ್ಟಿಗೆ ಸಮಯವೇ ಇಲ್ಲ. ಯಾವ ಕೇಸ್ ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ಇಂಪ್ಲಾಂಟ್ ತಡವಾಗುತ್ತದೆ, ಓಟಿಯ ಎಕ್ಸ್-ರೇ ಯಂತ್ರ ಸಿ-ಆರ್ಮ್ ಯಾವಾಗ ಖಾಲಿಯಾಗುತ್ತದೆ, ರಸ್ತೆಯಲ್ಲಿ ಈಗ ಯಾರು ಬೀಳುತ್ತಾರೆ, ಯಾರಿಗೂ ಗೊತ್ತಿಲ್ಲ. ಹಾಗಿದ್ದಾಗ 'ಎರಡು ಗಂಟೆ ಮುಂಚೆ' ಎಂದರೆ ಯಾವುದಕ್ಕೆ ಮುಂಚೆ? ಆದ್ದರಿಂದ ಲಿಸ್ಟಿನಲ್ಲಿರುವ ಎಲ್ಲರನ್ನೂ ಎಲ್ಲ ಹೊತ್ತಿಗೂ ತಯಾರಾಗಿ ಇಟ್ಟಿರುತ್ತಾರೆ. ಒಂದು ಕೇಸ್ ಬಿದ್ದುಹೋದರೆ ಇನ್ನೊಂದನ್ನು ತಕ್ಷಣ ಎತ್ತಿಕೊಳ್ಳಬಹುದು. ಓಟಿ ಖಾಲಿ ಇರದಂತೆ ನೋಡಿಕೊಳ್ಳುವ ಈ ವ್ಯವಸ್ಥೆಯ ಖರ್ಚು ರೋಗಿಯ ಹೊಟ್ಟೆಯ ಮೇಲೆ ಬೀಳುತ್ತದೆ, ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ.

ಎರಡನೆಯದನ್ನು ಹೇಳಿದ್ದು ಒಬ್ಬ ಕಿರಿಯ ಡಾಕ್ಟರ್. "ಸಾರ್, ಪೇಶೆಂಟ್ ಏನಾದ್ರೂ ತಿಂದು ಕೇಸ್ ನಿಂತ್ರೆ ಬೈಸಿಕೊಳ್ಳೋದು ನಾನು. ಸುಮ್ನೆ ಇಡೀ ದಿನ ಹಸಿದ್ರೆ ಯಾರೂ ಕೇಳಲ್ಲ." ನನ್ನ ಮಟ್ಟಿಗೆ ಇಡೀ ಪರಿಶೀಲನೆಯ ತಿರುವು ಇದೇ ಮಾತು. ಆರ್ಡರ್ ಬರೆಯುವವನು ಒಬ್ಬ, ಲಿಸ್ಟ್ ಬದಲಿಸುವವನು ಇನ್ನೊಬ್ಬ, ಬದಲಾದದ್ದನ್ನು ವಾರ್ಡಿಗೆ ಹೇಳಬೇಕಾದವನು ಯಾರೂ ಅಲ್ಲ. ಸರ್ಜನ್ ಅಷ್ಟು ಹೊತ್ತಿಗೆ ಗ್ಲೌಸ್ ಹಾಕಿ ಒಳಗಿರುತ್ತಾರೆ.

ಏನೇನು ಮಾಡಿ ನೋಡಿದೆವು

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಆರು-ಎರಡು ನಿಯಮವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದೆವು. ಏನೂ ಬದಲಾಗಲಿಲ್ಲ. ಬದಲಾಗಬೇಕಿತ್ತು ಎಂದು ಯಾಕೆ ಅಂದುಕೊಂಡೆವೋ! ಗೊತ್ತಿಲ್ಲದ್ದು ನಿಯಮವಲ್ಲ, ಸಮಯ.

ಆಮೇಲೆ ನೀರನ್ನೂ ಊಟವನ್ನೂ ಬೇರೆ ಬೇರೆ ಮಾಡಿದೆವು. ನೀರಿನ ವಿಷಯ ಸುಲಭವಾಗಿ ಬಗೆಹರಿಯಿತು. ಓಟಿಯಿಂದ 'ಕಳಿಸಿ' ಎಂಬ ಫೋನ್ ಬರುವವರೆಗೆ ಗಂಟೆಗೆ ಒಂದು ಸಣ್ಣ ಲೋಟ ನೀರು ಗುಟುಕು ಗುಟುಕಾಗಿ ಕುಡಿಯಬಹುದು. ಇದು ನಾವು ಕಂಡುಹಿಡಿದದ್ದಲ್ಲ. ಸ್ಕಾಟ್ಲೆಂಡಿನಲ್ಲಿ 'ಸಿಪ್ ಟಿಲ್ ಸೆಂಡ್' ಎಂಬ ಹೆಸರಿನಲ್ಲಿ ಇಂಥದ್ದೇ ಪದ್ಧತಿ ಇದೆ, ಅಲ್ಲಿ ಗಂಟೆಗೆ 170 ಮಿಲಿವರೆಗೆ. ಇದರ ಚೆಂದ ಏನೆಂದರೆ ಹಿಂದಕ್ಕೆ ಎಣಿಸುವ ಕೆಲಸವೇ ಇಲ್ಲ. ಸಮಯ ಗೊತ್ತಿಲ್ಲದ ಲಿಸ್ಟಿಗೆ ಸಮಯ ಬೇಡದ ನಿಯಮ. ಎಚ್ಚರ ತಪ್ಪಿದವರು, ವಾಂತಿ ಮಾಡುತ್ತಿರುವವರು, ನುಂಗಲು ಕಷ್ಟ ಇರುವವರು, ಕರುಳು ಕಟ್ಟಿಕೊಂಡಿರುವವರು, ಹೊಟ್ಟೆ ನಿಧಾನವಾಗಿ ಖಾಲಿಯಾಗುವ ಕಾಯಿಲೆ ಇರುವವರು ಇದಕ್ಕೆ ಸೇರುವುದಿಲ್ಲ. ಅವರ ಪಟ್ಟಿ ಬೆಳಿಗ್ಗೆ ಅನಸ್ತೇಶಿಯಾದವರೇ ಕೊಡಬೇಕು.

ಅದಕ್ಕೂ ಒಂದು ಎಡವಟ್ಟು ಆಯಿತು. ಚಾರ್ಟಿನಲ್ಲಿ 'ದ್ರವ ಕೊಡಬಹುದು' ಎಂದಿದ್ದನ್ನು ನೋಡಿ ಒಬ್ಬರಿಗೆ ದೊಡ್ಡ ಲೋಟದಲ್ಲಿ ಹಾಲು ಕೊಟ್ಟರು. ಹಾಲು ಹೊಟ್ಟೆಯಲ್ಲಿ ಒಡೆದು ಗಟ್ಟಿಯಾಗುತ್ತದೆ, ಅದಕ್ಕೆ ಹಗುರ ಊಟದಷ್ಟೇ ಆರು ಗಂಟೆ ಬೇಕು. ಕೇಸ್ ಮುಂದಕ್ಕೆ ಹೋಯಿತು, ಹಳೆಯ ಜಗಳ ಮತ್ತೆ ಎದ್ದಿತು. ಆಮೇಲೆ ಚಾರ್ಟಿನಲ್ಲಿ 'ದ್ರವ' ತೆಗೆದು 'ನೀರು' ಎಂದೇ ಬರೆದೆವು.

ಊಟದ ವಿಷಯ ಅಷ್ಟು ಸುಲಭವಾಗಲಿಲ್ಲ, ಇವತ್ತಿಗೂ ಪೂರ್ತಿ ಆಗಿಲ್ಲ. ಒಪ್ಪಿಕೊಂಡದ್ದು ಇಷ್ಟು. ಲಿಸ್ಟಿನ ಮೊದಲ ಎರಡು ಹೆಸರು ಬಿಟ್ಟು ಉಳಿದವರಿಗೆ ಬೆಳಿಗ್ಗೆ ಆರರ ಒಳಗೆ ಹಗುರ ತಿಂಡಿ. ಮಧ್ಯಾಹ್ನ ಹನ್ನೆರಡಕ್ಕೆ ಓಟಿ ಇನ್‌ಚಾರ್ಜ್ ಸಿಸ್ಟರ್ ವಾರ್ಡಿಗೆ ಫೋನ್ ಮಾಡಬೇಕು: ಇಂಥವರು ಇವತ್ತು ಖಂಡಿತ ಹೋಗುತ್ತಾರೆ, ಇಂಥವರು ಇಲ್ಲ. ಇಲ್ಲ ಎಂದವರಿಗೆ ಆಗಲೇ ಊಟ, ಸಂಜೆಗೆ ಕಾಯುವುದಿಲ್ಲ. ಫೋನ್ ಮಾಡುವುದು ಸರ್ಜನ್ ಅಲ್ಲ ಎನ್ನುವುದನ್ನು ಬೇಕೆಂದೇ ಇಟ್ಟೆವು. ಲಿಸ್ಟ್ ಎಲ್ಲಿಗೆ ಬಂದಿದೆ ಎಂದು ಸರಿಯಾಗಿ ಗೊತ್ತಿರುವುದು ಆ ಸಿಸ್ಟರಿಗೆ. ಸರ್ಜನ್‌ಗೆ ಯಾವಾಗಲೂ ಇನ್ನೊಂದು ಕೇಸ್ ಮಾಡಿಬಿಡಬಹುದು ಅನಿಸುತ್ತಿರುತ್ತದೆ. ಅದು ಒಳ್ಳೆಯ ಗುಣವೇ, ಆದರೆ ಅಂದಾಜಿಗೆ ಆಗುವುದಿಲ್ಲ.

ಶುರುವಾದ ಕೆಲವೇ ದಿನಕ್ಕೆ ಎಲ್ಲರೂ ಹೆದರಿದ್ದೇ ಆಯಿತು. ಹನ್ನೆರಡಕ್ಕೆ 'ಇಲ್ಲ' ಎಂದು ಊಟ ಕೊಟ್ಟರು, ಮೂರಕ್ಕೆ ಓಟಿ ಖಾಲಿಯಾಯಿತು. ಸರ್ಜನ್ ಸಿಟ್ಟಾದರು. ಪದ್ಧತಿ ಅಲ್ಲಿಗೇ ನಿಂತುಹೋಗಬಹುದಿತ್ತು. ಅದನ್ನು ಉಳಿಸಿದ್ದು ಒಬ್ಬ ಸರ್ಜನ್ನೇ. "ಎಲ್ಲರನ್ನೂ ಹಸಿದಿಡೋದು ಬೇಡ, ಒಬ್ಬರನ್ನ ಇಡೋಣ" ಎಂದರು. ಅಂದಿನಿಂದ ದಿನಕ್ಕೆ ಒಬ್ಬ ಸ್ಟ್ಯಾಂಡ್‌ಬೈ ರೋಗಿ. ವಯಸ್ಸು ಚಿಕ್ಕದಿರಬೇಕು, ಸಕ್ಕರೆ ಕಾಯಿಲೆ ಇರಬಾರದು, ಏನು ಎತ್ತ ಎಂದು ವಿವರಿಸಿ ಒಪ್ಪಿಗೆ ಕೇಳಬೇಕು, ನೀರು ಕುಡಿಯುತ್ತಲೇ ಇರಬಹುದು. ಒಂದು ದಿನ ಸ್ಟ್ಯಾಂಡ್‌ಬೈ ಆದವರು ಮರುದಿನ ಆಗುವಂತಿಲ್ಲ, ಅವರ ಹೆಸರು ಲಿಸ್ಟಿನ ಮೊದಲಿಗೆ ಹೋಗುತ್ತದೆ.

ಇಲ್ಲಿ ಇನ್ನೊಬ್ಬ ರೋಗಿಯ ವಿಷಯ ಹೇಳದಿದ್ದರೆ ಚಿತ್ರ ಒಂದೇ ಕಡೆ ವಾಲುತ್ತದೆ. ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ ಯುವಕ. ಹೊಟ್ಟೆ ತುಂಬ ಊಟ ಮಾಡಿ ಅರ್ಧ ಗಂಟೆಯೊಳಗೆ ಬಿದ್ದಿದ್ದ. ಊಟವಾಗಿ ಹತ್ತು ಗಂಟೆ ಕಳೆದಿತ್ತು. ನಿಯಮದ ಪ್ರಕಾರ ಹೊಟ್ಟೆ ಖಾಲಿ ಇರಬೇಕು. ಡ್ಯೂಟಿಯಲ್ಲಿದ್ದ ನಮ್ಮ ಸಹೋದ್ಯೋಗಿಗೆ ಅನುಮಾನ ಬಂದು ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟರು. ಜಠರದ ಕೆಳತುದಿಯಲ್ಲಿ ಗಟ್ಟಿ ಆಹಾರ ಹಾಗೇ ಕಾಣುತ್ತಿತ್ತು. ಹೊಟ್ಟೆ ತುಂಬಿದೆ ಎಂದೇ ಎಣಿಸಿ, ತ್ವರಿತ ವಿಧಾನದಲ್ಲಿ ಉಸಿರಿನ ಟ್ಯೂಬ್ ಹಾಕಿದರು. ಆಮೇಲೆ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬಿನಲ್ಲಿ ಆಹಾರದ ತುಣುಕು ಬಂದವು. ನೋವು, ಗಾಬರಿ, ಮಾರ್ಫಿನ್, ಮೂರೂ ಸೇರಿದರೆ ಹೊಟ್ಟೆ ನಿಂತೇ ಬಿಡುತ್ತದೆ. ಗಾಯವಾದ ಹೊಸದರಲ್ಲಿ ಕೊನೆಯ ಊಟದಿಂದ ಎಷ್ಟು ಗಂಟೆ ಎನ್ನುವುದಕ್ಕಿಂತ, ಊಟಕ್ಕೂ ಗಾಯಕ್ಕೂ ನಡುವೆ ಎಷ್ಟು ಹೊತ್ತು ಎನ್ನುವುದನ್ನು ಕೇಳಬೇಕು. ಸರ್ಜನ್‌ಗಳ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ತಕ್ಕ ರೋಗಿ ಈ ಯುವಕ. ಬಿದ್ದು ಎರಡು ದಿನವಾಗಿ, ನರದ ಬ್ಲಾಕ್ ಹಾಕಿ ನೋವು ಇಳಿಸಬಹುದಾಗಿದ್ದ ಆ ಹಿರಿಯ ಮಹಿಳೆಯಲ್ಲ. ನಮ್ಮ ವಾರ್ಡಿನಲ್ಲಿ ಇಬ್ಬರಿಗೂ ಬರೆಯುತ್ತಿದ್ದದ್ದು ಒಂದೇ ಆರ್ಡರ್.

ಆಪರೇಶನ್ ಆದ ಮೇಲೆ

ಇದರ ಬಗ್ಗೆ ವಾದವೇ ಆಗಲಿಲ್ಲ, ಯಾಕೆಂದರೆ ಸಮರ್ಥಿಸುವವರೇ ಇರಲಿಲ್ಲ. ಆರು ಗಂಟೆ ಎನ್‌ಪಿಒ ಎಂಬ ಸಾಲು ಎಲ್ಲಿಂದ ಬಂತು ಎಂದು ಕೇಳಿದರೆ ಎಲ್ಲರೂ 'ಮೊದಲಿಂದ ಇದೆ' ಎಂದರು. ಹೊಟ್ಟೆಯ ಆಪರೇಶನ್‌ನಲ್ಲಿ ಕರುಳು ಮುಟ್ಟುತ್ತಾರೆ, ಅಲ್ಲೂ ಈಗ ಬೇಗ ತಿನ್ನಿಸುತ್ತಾರೆ. ತೊಡೆಗೆ ರಾಡ್ ಹಾಕಿದರೆ ಕರುಳಿಗೇನು? ಈಗ ಫಾರಂನಲ್ಲಿ ಹೀಗಿದೆ: ಎಚ್ಚರ ಇದ್ದು, ಕೂತು, ನುಂಗಲು ಆಗುತ್ತಿದ್ದು, ವಾಕರಿಕೆ ಇಲ್ಲದಿದ್ದರೆ ರಿಕವರಿಯಲ್ಲೇ ನೀರು. ಕೇಳಿದಾಗ ಊಟ. ಸ್ಪೈನಲ್ ಆದರೆ ಕಾಲಿಗೆ ಸ್ಪರ್ಶ ಬರುವವರೆಗೂ ಕಾಯಬೇಕಿಲ್ಲ. ಹಲ್ಲಿನ ಸೆಟ್ಟು ಮತ್ತು ಕಿವಿಯ ಮೆಶಿನ್ ಹಾಸಿಗೆಯ ಪಕ್ಕ ಇದೆಯೇ ಎಂಬ ಒಂದು ಟಿಕ್ ಕೂಡ ಇದೆ. ಸಿಸ್ಟರ್‌ಗಳು ಸೇರಿಸಿದ್ದು, ಇಡೀ ಫಾರಂನಲ್ಲಿ ನನಗೆ ಅತಿ ಇಷ್ಟವಾದ ಸಾಲು.

ಸರ್ಜನ್‌ಗಳು ಎರಡು ಜಾಗದಲ್ಲಿ ಬಿಗಿಯಾಗಿ ನಿಂತರು, ಅದು ಸರಿ ಕೂಡ. ಮೊಣಕಾಲ ಕೆಳಗಿನ ಮೂಳೆ ಮುರಿದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಸ್ನಾಯುವಿನೊಳಗೆ ಒತ್ತಡ ಏರಿ ರಕ್ತ ಓಡದಂತಾಗುವುದು) ಅನುಮಾನ ಇದ್ದರೆ ಯಾವ ಕ್ಷಣದಲ್ಲಾದರೂ ಓಟಿಗೆ ಓಡಬೇಕಾಗಬಹುದು. ಹೊಟ್ಟೆ ಖಾಲಿ ಇಡಲಿ. ಆದರೆ ಎಷ್ಟು ಗಂಟೆ, ಮತ್ತೆ ನೋಡುವುದು ಯಾರು, ಇವೆರಡನ್ನೂ ಬರೆಯಬೇಕು. ಸೊಂಟದ ಉಂಗುರ, ಬೆನ್ನುಮೂಳೆ ಮುರಿದವರಲ್ಲಿ ಕರುಳು ನಿಧಾನವಾಗಿ ಹೊಟ್ಟೆ ಉಬ್ಬುವುದುಂಟು, ಅಲ್ಲಿ ಹೊಟ್ಟೆ ಮುಟ್ಟಿ ನೋಡಿಯೇ ತೀರ್ಮಾನ. ಹೆಚ್ಚು ಪಾಡು ಪಡುವವರು ಓಪನ್ ಫ್ರ್ಯಾಕ್ಚರ್‌ನವರು. ಗಾಯ ತೊಳೆಯಲು ಎರಡು ದಿನಕ್ಕೊಮ್ಮೆ ಓಟಿಗೆ ಹೋಗುತ್ತಾರೆ, ಪ್ರತಿ ಸಲವೂ ಮೊದಲೂ ಆಮೇಲೂ ಉಪವಾಸ. ಅವರಿಗೆ ಎರಡು ಓಟಿಗಳ ನಡುವಿನ ದಿನಗಳಲ್ಲಿ ಎಷ್ಟು ಪ್ರೋಟೀನ್ ಹೋಯಿತು ಎಂದು ಈಗ ಡಯಟಿಶಿಯನ್ ಬರೆದಿಡುತ್ತಾರೆ.

ಸಕ್ಕರೆ ಮಾತ್ರೆಗೂ ಒಂದು ಗೆರೆ ಎಳೆದೆವು. ಗ್ಲಿಮೆಪಿರೈಡ್ ಥರದವನ್ನು ಮತ್ತೆ ಶುರು ಮಾಡುವುದು ಕೇಸ್ ಕ್ಯಾನ್ಸಲ್ ಆದಾಗ ಅಲ್ಲ, ರೋಗಿ ಸರಿಯಾಗಿ ಒಂದು ಊಟ ಮಾಡಿದ್ದನ್ನು ಸಿಸ್ಟರ್ ಕಣ್ಣಾರೆ ನೋಡಿದ ಮೇಲೆ. ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳನ್ನು ಗೊತ್ತು ಮಾಡಿದ ಆಪರೇಶನ್‌ಗೆ ಮೂರು ದಿನ ಮುಂಚೆ ನಿಲ್ಲಿಸಬೇಕು, ಟ್ರಾಮಾದಲ್ಲಿ ಆ ಮೂರು ದಿನ ಸಿಗುವುದಿಲ್ಲ. ಈ ಮಾತ್ರೆಯ ಜೊತೆ ಉಪವಾಸ ಸೇರಿದರೆ, ರಕ್ತದ ಸಕ್ಕರೆ ಅಷ್ಟೇನೂ ಏರದೆಯೂ ಕೀಟೋನ್ (ದೇಹ ಕೊಬ್ಬು ಉರಿಸಿದಾಗ ರಕ್ತಕ್ಕೆ ಸೇರುವ ಆಮ್ಲ) ಅಪಾಯದ ಮಟ್ಟಕ್ಕೆ ಏರಬಹುದು. ಅವರು ಸ್ಟ್ಯಾಂಡ್‌ಬೈ ಆಗುವುದೇ ಇಲ್ಲ.

ಈಗ ಎಲ್ಲಿದ್ದೇವೆ

ಆ ಮಹಿಳೆಯ ಡಿಲೀರಿಯಂ ಇಳಿಯಲು ನಾಲ್ಕು ದಿನ ಬೇಕಾಯಿತು. ಏರಿದ್ದ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ಹೇಳುವ ರಕ್ತ ಪರೀಕ್ಷೆ) ಮೈಗೆ ನೀರು ಹೋದ ಮೇಲೆ ಇಳಿಯಿತು. ವಾಕರ್ ಹಿಡಿದು ಮನೆಗೆ ಹೋದರು, ಅಂದುಕೊಂಡದ್ದಕ್ಕಿಂತ ತಡವಾಗಿ. ನಡಿಗೆ ಶುರು ಮಾಡಲು ಆಗದೆ ಹಾಸಿಗೆಯಲ್ಲೇ ಕಳೆದ ಆ ನಾಲ್ಕು ದಿನ ಅವರಿಗೆ ದುಬಾರಿಯಾಯಿತು.

ವಾರ್ಡಿನಲ್ಲಿ ನೀರಿನ ಪದ್ಧತಿ ನೆಲೆ ನಿಂತಿದೆ. ಈಗ ಯಾರೂ ಅದನ್ನು ಹೊಸದು ಎಂದು ನೋಡುವುದಿಲ್ಲ. ಹನ್ನೆರಡರ ಫೋನ್ ವಾರದ ದಿನಗಳಲ್ಲಿ ಬರುತ್ತದೆ. ಭಾನುವಾರ ಮತ್ತು ರಜಾ ದಿನ ಓಟಿ ಇನ್‌ಚಾರ್ಜ್ ಸಿಸ್ಟರ್ ಇರುವುದಿಲ್ಲ, ಆ ದಿನ ಕೇಸ್ ಶೀಟಿನಲ್ಲಿ 'ಮಧ್ಯರಾತ್ರಿಯಿಂದ' ಮತ್ತೆ ಕಾಣಿಸಿಕೊಳ್ಳುತ್ತದೆ. ಆ ಫೋನ್ ರಜಾ ದಿನ ಯಾರು ಮಾಡಬೇಕು ಎಂಬುದು ಮುಂದಿನ ಸಭೆಯ ಮೊದಲ ವಿಷಯ. ಡ್ಯೂಟಿ ಅನಸ್ತೇಶಿಯಾ ಡಾಕ್ಟರ್ ಮಾಡಲಿ ಎಂದು ಸರ್ಜನ್‌ಗಳು ಹೇಳುತ್ತಿದ್ದಾರೆ. ನಮ್ಮ ವಿಭಾಗ ಇನ್ನೂ ಒಪ್ಪಿಲ್ಲ. ನಾನು ಒಪ್ಪಿಕೊಳ್ಳೋಣ ಎನ್ನುವವರ ಕಡೆ ಇದ್ದೇನೆ.